ಬಲಗೈಯಿಂದ ಹೋದ ವೈರ್ ಬೆನ್ನ ಕಡೆ ಜಾರಿದಾಗ

ಆಂಜಿಯೋಗ್ರಾಂಗೆ ಬಲಗೈ ಮಣಿಕಟ್ಟಿನಿಂದ ಹೋಗುವುದು ನನ್ನ ರೂಢಿ. ಆ ದಿನ ಟೇಬಲ್ ಮೇಲಿದ್ದವರು 58ರ ಹೆಂಗಸು. ರಕ್ತನಾಳದೊಳಗೆ ಬಿಟ್ಟ ತೆಳು ವೈರ್ ಸಲೀಸಾಗಿ ಭುಜ ದಾಟಿತು. ಆಮೇಲೆ ಹೃದಯದತ್ತ ತಿರುಗದೆ ಬೆನ್ನುಮೂಳೆಯ ಪಕ್ಕದಲ್ಲೇ ಹೊಟ್ಟೆ ಕಡೆಗೆ ಜಾರಿಹೋಯಿತು. ರಕ್ತನಾಳ ಡೊಂಕಿದ್ದರೂ ಹೀಗಾಗುವುದುಂಟು. "ಅಮ್ಮಾ, ಜೋರಾಗಿ ಉಸಿರೆಳ್ಕೊಂಡು ಹಿಡ್ಕೊಳ್ಳಿ" ಅಂದೆ. ಮತ್ತೆ ಕೆಳಕ್ಕೇ. ಇನ್ನೊಂದು ಕ್ಯಾತಿಟರ್, ಅಂದರೆ ನಾಳದೊಳಗೆ ಬಿಡುವ ತೆಳು ಕೊಳವೆ, ಹಾಕಿದೆ, ಅದೂ ಅಷ್ಟೇ. ಹತ್ತು ನಿಮಿಷ ನನ್ನ ಕೈಯನ್ನೇ ಬೈದುಕೊಂಡೆ.

ಎಕ್ಸ್-ರೇ ಕ್ಯಾಮೆರಾ ಓರೆ ಮಾಡಿ, ನಾಳ ಕಾಣುವಂತೆ ಸ್ವಲ್ಪ ಡೈ ಬಿಟ್ಟಾಗ ಗೊತ್ತಾಯಿತು, ತಪ್ಪು ಕೈಯದಲ್ಲ, ದಾರಿಯದು. ಹೃದಯದಿಂದ ಹೊರಡುವ ದೊಡ್ಡ ರಕ್ತನಾಳವಾದ ಮಹಾಪಧಮನಿಯ ಕಮಾನಿನಿಂದ ಸಾಮಾನ್ಯವಾಗಿ ಮೂರು ಕವಲು ಹೊರಡುತ್ತವೆ, ಬಲಗೈಗೆ ರಕ್ತ ಬರುವುದು ಮೊದಲನೆಯದರಿಂದ. ಇವರಲ್ಲಿ ಬಲಗೈಯ ನಾಳ ಎಲ್ಲಕ್ಕಿಂತ ಕೊನೆಗೆ, ಎಡಗೈಯದೂ ಕವಲೊಡೆದ ಮೇಲೆ ಹೊರಟು, ಅನ್ನನಾಳದ ಹಿಂದಿನಿಂದ ಬಲಕ್ಕೆ ದಾಟಿತ್ತು. ಭ್ರೂಣದ ಕಮಾನಿನಂಥ ರಕ್ತನಾಳಗಳಲ್ಲಿ ಉಳಿಯಬೇಕಾದ ಬಲಗಡೆಯ ನಾಲ್ಕನೆಯದು ಕರಗಿಹೋದರೆ ಹೀಗಾಗುತ್ತದೆ. ನೂರರಲ್ಲಿ ಸುಮಾರು ಒಬ್ಬರಿಗೆ ಇರುತ್ತದೆ, ಬಹುತೇಕರಿಗೆ ಸಾಯುವತನಕ ಗೊತ್ತೇ ಆಗುವುದಿಲ್ಲ.

ಕೊಕ್ಕೆಯಂಥ ಕ್ಯಾತಿಟರ್ ಹಾಕಿ ಅಲ್ಲಿಂದಲೇ ತಿರುಗಿಸುವವರಿದ್ದಾರೆ. ಆ ಮೂಲೆಯಲ್ಲಿ ಗುದ್ದಾಡಿದರೆ ನಾಳದ ಒಳಪದರ ಸೀಳಬಹುದು. ಹಠ ಬಿಟ್ಟು ತೊಡೆಯಿಂದ ಹೋದೆ, ಬೇಗ ಮುಗಿಯಿತು. ಬ್ಲಾಕ್ ಇರಲಿಲ್ಲ. ಮಾರನೇ ದಿನ ಸಿ.ಟಿ. ಸ್ಕ್ಯಾನ್ ಮಾಡಿಸಿದಾಗ ನಾಳದ ದಾರಿ ಖಚಿತವಾಯಿತು.

ಸಂಜೆ ರೌಂಡ್ಸ್‌ನಲ್ಲಿ ಕೇಳಿದೆ, "ಊಟ ನುಂಗಕ್ಕೆ ಕಷ್ಟ ಆಗುತ್ತಾಮ್ಮ?"

"ಅನ್ನ ಪರವಾಗಿಲ್ಲ ಡಾಕ್ಟ್ರೇ. ಮುದ್ದೆ ಮಾತ್ರ ಇಲ್ಲಿ ನಿಂತ್ಕೊಂಡಂಗಾಗುತ್ತೆ" ಎಂದು ಎದೆಮೂಳೆಯ ಮೇಲ್ತುದಿ ಮುಟ್ಟಿ ತೋರಿಸಿದರು. "ಗೋಲಿಯಷ್ಟು ತುತ್ತು ಮಾಡ್ಕೊಂಡು ನುಂಗ್ತೀನಿ. ಊಟಕ್ಕೆ ಒಂದು ಗಂಟೆ ಬೇಕು ಇವಳಿಗೆ ಅಂತ ನಮ್ಮತ್ತೆ ಬೈತಿದ್ರು."

ಹಿಂದಿನಿಂದ ಹಾಯುವ ನಾಳ ಅನ್ನನಾಳವನ್ನು ಒತ್ತುವುದರಿಂದ ಆಗುವ ಈ ನುಂಗುವ ತೊಂದರೆಯನ್ನು ಮೊದಲು ವಿವರವಾಗಿ ಬರೆದವರು ಇಂಗ್ಲೆಂಡಿನ ಡೇವಿಡ್ ಬೇಫೋರ್ಡ್, ಪ್ರಕಟವಾದದ್ದು 1794ರಲ್ಲಿ. ಅವರು ಇಟ್ಟ ಲ್ಯಾಟಿನ್ ಹೆಸರು 'ಲೂಸೋರಿಯಾ', ಪ್ರಕೃತಿಯ ಆಟ ಎಂಬರ್ಥದಲ್ಲಿ. ಅತ್ತೆಯ ಬೈಗುಳ ತಿಂದವರಿಗೆ ಅದೇನು ಆಟವೋ!

"ಆಪರೇಷನ್ ಬೇಕಾ?" ಎಂದರು. ಇಷ್ಟು ತೊಂದರೆಗೆ ಬೇಡ, ನಾಳ ಉಬ್ಬಿಯೂ ಇಲ್ಲ ಎಂದೆ. ಡಿಸ್ಚಾರ್ಜ್ ಚೀಟಿಯಲ್ಲಿ ಕೆಂಪು ಪೆನ್ನಿನಲ್ಲಿ ಎರಡು ಸಾಲು ಬರೆದೆ. ಮುಂದೆ ಆಂಜಿಯೋಗ್ರಾಂ ಬೇಕಾದರೆ ಎಡಗೈ ಅಥವಾ ತೊಡೆ. ಥೈರಾಯ್ಡ್ ಆಪರೇಷನ್ ಆಗುವುದಾದರೆ ಸರ್ಜನ್‌ಗೆ ಇದನ್ನು ತೋರಿಸಲೇಬೇಕು, ಏಕೆಂದರೆ ಇಂಥವರಲ್ಲಿ ಬಲಗಡೆ ಧ್ವನಿಪೆಟ್ಟಿಗೆಗೆ ಹೋಗುವ ನರ ಎದೆಯವರೆಗೆ ಇಳಿದು ಮೇಲೆ ಬರುವುದಿಲ್ಲ, ಕುತ್ತಿಗೆಯಲ್ಲೇ ನೇರ ಅಡ್ಡ ಹಾಯುತ್ತದೆ.