ಹಕ್ಕುಪತ್ರದಲ್ಲಿ ಕಾಣದ ಕಪ್ಪು ಭೂಮಾಲೀಕರು: ಹುಡುಕಿದ ಬಗೆ

ಅಮೆರಿಕದಲ್ಲಿ ಆಗ ಇಂಗ್ಲಿಷ್ ವಸಾಹತಾಗಿದ್ದ ವರ್ಜೀನಿಯಾದ 17ನೇ ಶತಮಾನದ ಭೂಮಿ ಹಕ್ಕುಪತ್ರಗಳನ್ನಷ್ಟೇ ನಕಲು ಮಾಡುತ್ತಿದ್ದಾಗ ಕಪ್ಪು ಮಾಲೀಕರು ಕೈಗೆ ಸಿಗುತ್ತಿರಲಿಲ್ಲ. ಅವುಗಳಲ್ಲಿ ಅನೇಕ ಬಾರಿ ಬರೀ ಹೆಸರಿರುತ್ತದೆ. ‘ನೀಗ್ರೋ’ ಎಂಬ ಗುರುತು ಕೌಂಟಿ ಕೋರ್ಟಿನ ಪುಸ್ತಕದಲ್ಲಿರುತ್ತದೆ. ಅಲ್ಲಿನ ನಾರ್ತಾಂಪ್ಟನ್ ಕೌಂಟಿಯ ಕಪ್ಪು ಭೂಮಾಲೀಕ ಆಂಥೋನಿ ಜಾನ್ಸನ್ ವಿಷಯದಲ್ಲಿ ಎರಡನ್ನೂ ಜೋಡಿಸಿದ ಮೇಲೆಯೇ ಗಂಟು ಬಿಚ್ಚಿತು.

ನಕಲು ಮಾಡುವಾಗ ಹೆಸರಿನ ಕಾಗುಣಿತವನ್ನು ತಿದ್ದಬೇಡಿ. ಕೋಷ್ಟಕದಲ್ಲಿ ಮೂಲ ರೂಪ ಒಂದು ಕಾಲಂನಲ್ಲಿ, ಏಕರೂಪದ ಹೆಸರು ಇನ್ನೊಂದರಲ್ಲಿ ಇರಲಿ; ಜಮೀನಿನ ಪಕ್ಕದ ಹಳ್ಳ, ನೆರೆಯವರ ಹೆಸರಿಗೂ ಕಾಲಂ ಬೇಕು. ಒಂದೇ ಹೆಸರಿನ ಇಬ್ಬರನ್ನು ಬೇರ್ಪಡಿಸುವುದು ಅವೇ.

ಎಣಿಕೆಯಿಂದ ತಾಳೆ ನೋಡಿ: ವಸಾಹತಿಗೆ ಕರೆತಂದ ಪ್ರತಿ ವ್ಯಕ್ತಿಯ ಲೆಕ್ಕದಲ್ಲಿ ಹಕ್ಕುಪತ್ರ ಪಡೆಯುವವರಿಗೆ 50 ಎಕರೆ ಸಿಗುತ್ತಿತ್ತು. ಜಾನ್ಸನ್‌ರ 1651ರ ಪತ್ರದಲ್ಲಿ 250 ಎಕರೆ, ಅಂದರೆ ಕರೆತಂದವರ ಪಟ್ಟಿಯಲ್ಲಿ ಐದು ಹೆಸರು. ಆರು ಬಂದರೆ ಬಹುಶಃ ಸಂಕ್ಷೇಪಾಕ್ಷರದಲ್ಲಿ ಬರೆದ ಹೆಸರೊಂದನ್ನು ಎರಡಾಗಿ ಒಡೆದು ಓದಿರುತ್ತೀರಿ.

ಆಗ ವರ್ಷ ಶುರುವಾಗುತ್ತಿದ್ದುದು ಮಾರ್ಚ್ 25ಕ್ಕೆ. ಹಾಗಾಗಿ ‘ಫೆಬ್ರವರಿ 1652’ ನಮ್ಮ ಲೆಕ್ಕದಲ್ಲಿ 1653. ‘1652/53’ ಎಂದೇ ಬರೆಯಿರಿ, ಇಲ್ಲವಾದರೆ ಘಟನೆಗಳ ಕ್ರಮವೇ ತಲೆಕೆಳಗಾಗುತ್ತದೆ.