ಹೊಸ ರಕ್ಷಣಾ ಪದ್ಧತಿಗೆ ಹಳೆಯ ಆಟಗಾರರನ್ನು ಹೊಂದಿಸುವ ಬಗೆ

ದಾವಣಗೆರೆಯ ಹೈಸ್ಕೂಲ್ ಮೈದಾನದಲ್ಲಿ ಅಭ್ಯಾಸ ಮಾಡುವ ಫುಟ್‌ಬಾಲ್ ತಂಡವೊಂದಕ್ಕೆ ನೀವು ಹೊಸದಾಗಿ ತರಬೇತುದಾರರಾಗಿ ಬಂದಿದ್ದರೆ, ನಿಮ್ಮ ಪದ್ಧತಿಯನ್ನು ಹೇಳುವ ಮುನ್ನ ಎರಡು ಪಂದ್ಯಗಳನ್ನು ಸುಮ್ಮನೆ ಕುಳಿತು ನೋಡಿ. ಎದುರಾಳಿಯ ಬೆನ್ನು ಹತ್ತುವುದನ್ನೇ ರೂಢಿಸಿಕೊಂಡ ಡಿಫೆಂಡರ್‌ಗಳಿಗೆ ಜಾಗವನ್ನು ಕಾಯುವ ಪದ್ಧತಿ ಒಂದೇ ವಾರದಲ್ಲಿ ಒಗ್ಗುವುದಿಲ್ಲ.

ಮೊದಲು ಅಳೆಯಬೇಕಾದದ್ದು ಹಿಂದಿನ ಸಾಲಿನ, ಅಂದರೆ ಡಿಫೆಂಡರ್‌ಗಳ ಸಾಲಿನ, ವೇಗವನ್ನು. ಸಾಲನ್ನು ಮಧ್ಯಗೆರೆಯತ್ತ ಏರಿಸಿದರೆ ಅದರ ಬೆನ್ನಿಗೆ ದೊಡ್ಡ ಬಯಲು ಉಳಿಯುತ್ತದೆ. ಹಿಂದಕ್ಕೆ ತಿರುಗಿ ಓಡಬಲ್ಲ ಸೆಂಟರ್ ಬ್ಯಾಕ್ (ಸಾಲಿನ ನಡುವಿನ ಡಿಫೆಂಡರ್) ಇಲ್ಲದಿದ್ದರೆ ಆಫ್‌ಸೈಡ್ ಬಲೆಯ (ಸಾಲೆಲ್ಲ ಒಟ್ಟಿಗೆ ಮುಂದೆ ಸರಿದು, ಪಾಸ್ ಹೊರಡುವ ಕ್ಷಣದಲ್ಲಿ ಬೆನ್ನಿಗೆ ಉಳಿದ ಎದುರಾಳಿಯನ್ನು ನಿಯಮ ಒಪ್ಪದ ಜಾಗದಲ್ಲಿ ಸಿಕ್ಕಿಸುವ ತಂತ್ರ) ಆಸೆಯನ್ನು ಬಿಟ್ಟು, ಗೋಲು ಗೆರೆಯಿಂದ 16.5 ಮೀಟರ್ ದೂರದ ಪೆನಾಲ್ಟಿ ಆವರಣದ ಅಂಚಿಗಿಂತ ತುಸು ಮುಂದೆಯೇ ಸಾಲನ್ನು ನಿಲ್ಲಿಸುವುದು ಮೇಲು. ಆ ಬಲೆಯಲ್ಲಿ ಒಬ್ಬನು ಹಿಂದುಳಿದರೂ ಎದುರಾಳಿಗೆ ದಾರಿ ಸಿಕ್ಕಂತೆ.

ಸಾಲು ಒಟ್ಟಿಗೆ ಜರುಗುವುದನ್ನು ಕಲಿಸಲು ಅದರ ನಾಲ್ವರು ಡಿಫೆಂಡರ್‌ಗಳ ಕೈಗೆ ಒಂದೇ ಉದ್ದನೆಯ ಹಗ್ಗವನ್ನು ಕೊಟ್ಟು, ಚೆಂಡನ್ನು ಎಡಬದಿಗೆ ನಿಧಾನವಾಗಿ ಉರುಳಿಸಿ. ಎಡಗಡೆಯವನು ಮುನ್ನುಗ್ಗುತ್ತಿದ್ದಂತೆ ಉಳಿದ ಮೂವರು ಜರುಗಬೇಕು. ಹಗ್ಗ ಬಿಗಿದಲ್ಲಿ ಯಾರು ತಡಮಾಡಿದರೆಂಬುದು ಅವರಿಗೇ ತಿಳಿಯುತ್ತದೆ. ಕಾಲು ನಿಧಾನವಾದರೂ ಆಟವನ್ನು ಮುಂಚಿತವಾಗಿ ಓದಬಲ್ಲ ಹಿರಿಯ ಆಟಗಾರನನ್ನು, ದಯವಿಟ್ಟು, ಬೆಂಚಿಗೆ ಕಳಿಸಬೇಡಿ. ಸಾಲಿನ ನಡುವೆ ನಿಲ್ಲಿಸಿ, ಕೂಗಿ ಹೇಳುವ ಹೊಣೆಯನ್ನು ಅವನಿಗೇ ಒಪ್ಪಿಸಿ.