ಹಳೇ ಲ್ಯಾಪ್‌ಟಾಪ್‌ನಲ್ಲಿ ಡೂಮ್ ಓಡಿಸಿದ್ದು: ನನ್ನ ಅನುಭವ

ನನ್ನ ಹಳೇ ಲ್ಯಾಪ್‌ಟಾಪ್‌ಗೆ ಲಿನಕ್ಸ್ ಹಾಕಿ ಡೂಮ್ ಆಡೋಣ ಅಂತ ಕೂತೆ. ಅದರಲ್ಲಿ ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲ, ಬೋರ್ಡ್ ಜೊತೆ ಬಂದಿರೋದೇ ಎಲ್ಲ. 1993ರ ಆಟ ಅಲ್ವಾ, ಸುಲಭವಾಗಿ ಓಡುತ್ತೆ ಅಂದುಕೊಂಡಿದ್ದೆ. ಆದರೆ ಹಾಕಿದ ಸೋರ್ಸ್ ಪೋರ್ಟ್ (ಹಳೇ ಆಟವನ್ನು ಈಗಿನ ಕಂಪ್ಯೂಟರಿನಲ್ಲಿ ಓಡಿಸುವ ಪ್ರೋಗ್ರಾಂ) ತೆರೆಯುವ ಮೊದಲೇ ಎರರ್ ಕೊಟ್ಟು ಮುಚ್ಚಿಹೋಯಿತು. ಅದಕ್ಕೆ ಓಪನ್‌ಜಿಎಲ್ 3.3 ಬೇಕಂತೆ; ಆಟಗಳು ಗ್ರಾಫಿಕ್ಸ್ ಚಿಪ್ ಬಳಸಿ ಚಿತ್ರ ಬರೆಯಲು ಇರುವ ವ್ಯವಸ್ಥೆ ಅದು. ಟರ್ಮಿನಲ್‌ನಲ್ಲಿ ನೋಡಿದರೆ ನನ್ನ ಚಿಪ್ 2.1ಕ್ಕೇ ನಿಂತಿತ್ತು.

ಗ್ರಾಫಿಕ್ಸ್ ಕೆಲಸವನ್ನೆಲ್ಲ ಪ್ರೊಸೆಸರ್ ಮೇಲೆ ಹಾಕುವ ಸೆಟ್ಟಿಂಗ್ ಒಂದು ಮೆಸಾದಲ್ಲಿ (ಲಿನಕ್ಸ್‌ನ ಗ್ರಾಫಿಕ್ಸ್ ಸಾಫ್ಟ್‌ವೇರ್) ಇದೆ, ಅದನ್ನು ಪ್ರಯತ್ನಿಸಿದೆ. ಆಟ ತೆರೆಯಿತು. ಆದರೆ ಬಾಗಿಲು ಮೇಲೇಳುವುದು ಒಂದೊಂದೇ ಫೋಟೋ ತೋರಿಸಿದ ಹಾಗಿತ್ತು, ಫ್ಯಾನ್ ಜೋರಾಗಿ ಕೂಗುತ್ತಿತ್ತು.

ಆಗ ಹೊಳೆಯಿತು: ಮೂಲ ಡೂಮ್‌ಗೆ 3ಡಿ ಚಿಪ್ಪೇ ಬೇಕಿರಲಿಲ್ಲ! 320×200ರ ಚಿತ್ರವನ್ನು ಪ್ರೊಸೆಸರ್ರೇ ಬರೆಯುತ್ತಿತ್ತು. 1997ರಲ್ಲಿ ಸೋರ್ಸ್ ಕೋಡ್ ಬಿಡುಗಡೆಯಾದ ಮೇಲೆ ಅದೇ ದಾರಿ ಹಿಡಿದ ಪೋರ್ಟ್‌ಗಳೂ ಬಂದಿವೆ. ಅವುಗಳಲ್ಲಿ ಒಂದಾದ ಕ್ರಿಸ್ಪಿ ಡೂಮ್ ಹಾಕಿದೆ. ಅದು 640×400ರಲ್ಲಿ ಬರೆಯುತ್ತೆ, ಕಣ್ಣಿಗೆ ಹಿತ. ಬಣ್ಣಗಳು ಹಳೇ ಡೂಮ್‌ನವೇ, ನನಗೆ ಬೇಕಿದ್ದಿದ್ದೂ ಅದೇ.

ಮೊದಲು ಸ್ವಲ್ಪ ತಡವರಿಸಿತು. ಕಾನ್ಫಿಗ್ ಫೈಲ್‌ನಲ್ಲಿ ‘ಫೋರ್ಸ್ ಸಾಫ್ಟ್‌ವೇರ್ ರೆಂಡರರ್’ ಅನ್ನೋ ಸಾಲಿದೆ. ಅದನ್ನು 0ಯಿಂದ 1 ಮಾಡಿದೆ, ಅಂದರೆ ಚಿತ್ರವನ್ನು ಪರದೆಗೆ ಹಾಕುವಾಗಲೂ ಗ್ರಾಫಿಕ್ಸ್ ಚಿಪ್ ಬಳಸಬೇಡ ಅಂತ. ಫೈಲ್ ತಿದ್ದುವಾಗ ಆಟ ಮುಚ್ಚಿರಲಿ, ಇಲ್ಲದಿದ್ದರೆ ಹೊರಬರುವಾಗ ಅದು ಹಳೇ ಸೆಟ್ಟಿಂಗನ್ನೇ ಮತ್ತೆ ಬರೆದುಬಿಡುತ್ತೆ.

ಈಗ ಮೂಲ ಆಟದ ಹಾಗೇ ಸೆಕೆಂಡಿಗೆ 35 ಫ್ರೇಮ್ ಸರಾಗವಾಗಿ ಬರುತ್ತಿದೆ. ನಿನ್ನೆ ಮೊದಲ ಎಪಿಸೋಡ್ ಪೂರ್ತಿ ಆಡಿದೆ, ಫ್ಯಾನ್ ಸದ್ದೇ ಇಲ್ಲ.